ಒಂದೇ ಉಸಿರಿನ ಸಾಲು

“ಮುಂದಕ್ಕೆ ಹಾಕೋಣ” ಎಂಬ ಮಾತು ಕೇಳಿ ಕೇಳಿ ಬ್ರೆಡ್ಡಕ್ಕನಿಗೆ ರೋಸಿಹೋಗಿತ್ತು. ಆ ವರ್ಷ ಊರಿಗೆ ಊರೇ ಎಲ್ಲವನ್ನೂ ಮುಂದಕ್ಕೆ ಹಾಕುತ್ತ ಕೂತಿತ್ತು. ಮದುವೆ ಮುಂದಕ್ಕೆ, ಪರೀಕ್ಷೆ ಮುಂದಕ್ಕೆ, ಹುಳುಕು ಹಲ್ಲು ಕೀಳಿಸುವುದೂ ಮುಂದಕ್ಕೆ. ಎದುರುಮನೆಯವರಂತೂ ತೀರಿಕೊಂಡ ಅಣ್ಣನಿಗಾಗಿ ಅಳುವುದನ್ನೂ ಮುಂದಕ್ಕೆ ಹಾಕಿ, ಎಲ್ಲ ಸರಿಹೋದ ಮೇಲೆ ಒಟ್ಟಿಗೆ ಕೂತು ಅಳೋಣ ಎಂದು ನೆಂಟರಿಗೆಲ್ಲ ಫೋನಿನಲ್ಲಿ ಹೇಳುತ್ತಿದ್ದರು. ಮುಂದಕ್ಕೆ ಹಾಕಲು ಬಗ್ಗದೆ ಉಳಿದದ್ದು ಹೊಟ್ಟೆಯೊಂದೇ. ಹಾಗಾಗಿ ಬೇಕರಿ ತೆರೆದಿತ್ತು, ಬ್ರೆಡ್ಡಕ್ಕನಿಗೆ ಕೆಲಸವಿತ್ತು.

ಬ್ರೆಡ್ಡಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಬೆಳಕು ಹರಿಯುವ ಮುಂಚೆ ಎದ್ದು, ಮೂಗು ಬಾಯಿ ಮುಚ್ಚಿಕೊಂಡು, ನಾಯಿಗಳು ಮಾತ್ರ ಓಡಾಡುವ ಬೀದಿಗಳಲ್ಲಿ ನಡೆದು ಬೇಕರಿ ಸೇರುವಳು. ಯಂತ್ರದಲ್ಲಿ ಕಲಸಿದ ಹಿಟ್ಟನ್ನು ತೂಗಿ ಕತ್ತರಿಸಿ, ಎಣ್ಣೆ ಸವರಿದ ಉದ್ದುದ್ದ ಡಬ್ಬಿಗಳಲ್ಲಿ ಇಟ್ಟು, ಒದ್ದೆ ಬಟ್ಟೆ ಮುಚ್ಚಿ, ಅದು ಉಬ್ಬಿ ಬರುವ ತನಕ ಕಾಯುವಳು. ಬೈದರೂ ಬೇಡಿಕೊಂಡರೂ ಹಿಟ್ಟು ತನ್ನ ಹೊತ್ತಿಗೇ ಏಳುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಹೊಸದಾಗಿ ಬಂದ ಹುಡುಗಿಯರು ಬಟ್ಟೆ ಎತ್ತಿ ಎತ್ತಿ ನೋಡಿದರೆ ಕೈ ಮೇಲೆ ಪಟ್ ಎಂದು ಹೊಡೆಯುವಳು. ಮಧ್ಯಾಹ್ನ ಮನೆಗೆ ಬಂದವಳು ಹಿತ್ತಲ ನಲ್ಲಿಯಲ್ಲೇ ತಲೆಯ ಮೇಲೆ ನೀರು ಹುಯ್ದುಕೊಂಡು, ಬಟ್ಟೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಆಮೇಲೆ ಒಳಗೆ ಕಾಲಿಡುತ್ತಿದ್ದಳು.

ಒಳಗಿದ್ದವರು ಅತ್ತೆ, ಮಾವ ಮತ್ತು ಮಗಳು. ಗಂಡ ಲಾರಿ ಓಡಿಸುವವನು. ದಾರಿಗಳನ್ನು ಮುಚ್ಚಿದಾಗ ಎಲ್ಲೋ ದೂರದ ಊರಿನ ಗೋದಾಮಿನ ಹೊರಗೆ ಸಿಕ್ಕಿಹಾಕಿಕೊಂಡು, ಲಾರಿಯ ಕ್ಯಾಬಿನ್ನನ್ನೇ ಮನೆ ಮಾಡಿಕೊಂಡಿದ್ದ. ಗಂಡನ ಅಣ್ಣ, ಊರಿನ ಇನ್ನೊಂದು ತುದಿಯಲ್ಲಿದ್ದ ಮೇಷ್ಟ್ರು, ಫೋನಿನಲ್ಲಿ ಪಾಠ ಮಾಡಿ ಮಾಡಿ ಈಗ ಮನೆಯವರ ಹತ್ತಿರವೂ ಪಾಠ ಮಾಡುವ ದನಿಯಲ್ಲೇ ಮಾತಾಡುತ್ತಿದ್ದರು. ಮಗಳ ಅಡ್ಡಹೆಸರು ಸಾಸಿವೆ. ನೋಡಲು ಚಿಕ್ಕದು, ಬಿಸಿ ತಾಕಿದರೆ ಚಟಪಟ ಎಂದು ಮುಖಕ್ಕೇ ಸಿಡಿಯುತ್ತದೆ ಎಂದು ಅವಳ ತಾತ ಇಟ್ಟಿದ್ದರು.

ಆ ತಾತ ಬಸ್ ಕಂಡಕ್ಟರ್ ಆಗಿ ಜೀವ ಸವೆಸಿದವರು. ಕಿಕ್ಕಿರಿದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರ್ ಬೆಚ್ಚುವಂಥ ಗಂಟಲು. ಸೀಟಿ ಕೊಟ್ಟಿದ್ದರೂ ಊದಿದವರಲ್ಲ. “ದೇವರು ಇಷ್ಟು ದೊಡ್ಡ ಸೀಟಿ ಒಳಗೇ ಇಟ್ಟು ಕಳ್ಸಿದಾನೆ, ತಗಡಿಂದು ಯಾಕೆ?” ಎನ್ನುವರು. ಮನೆಯಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ “ರೈಟ್, ರೈಟ್!” ಎಂದು ಅವರು ಕೂಗಿದ ಮೇಲೆಯೇ ಎಲ್ಲರೂ ಊಟಕ್ಕೆ ಏಳುವುದು.

ಪ್ರಾರ್ಥನೆ ಮಾತ್ರ ಆ ಮನೆಯಲ್ಲಿ ಆಟವಲ್ಲ. ದೀಪ ಹಚ್ಚುವ ಹೊತ್ತಿಗೆ ಯಾರೇ ಎಲ್ಲೇ ಇದ್ದರೂ ಗೋಡೆಯ ಗೂಡಿನ ಮುಂದೆ ಬಂದು ನಿಲ್ಲಬೇಕು. ಅಜ್ಜಿ ದೀಪ ಹಚ್ಚುವರು, ಒಬ್ಬರು ಮುಂದೆ ನಿಂತು ಒಂದೊಂದೇ ಸಾಲು ಹೇಳುವರು, ಉಳಿದವರು ಹಿಂದಿನಿಂದ ಹೇಳುವರು. ಕೊನೆಯದೊಂದು ಉದ್ದದ ಸಾಲು ಮಾತ್ರ ಮನೆಯ ಹಿರಿಯರದು. “ಮನೆಯಲ್ಲಿರುವವರನ್ನು, ಹೊರಗೆ ಹೋದವರನ್ನು, ದಾರಿಯಲ್ಲಿರುವವರನ್ನು, ಹಾಸಿಗೆ ಹಿಡಿದವರನ್ನು, ಹೆಸರೇ ಗೊತ್ತಿಲ್ಲದವರನ್ನು, ನಮ್ಮನ್ನು ಕಂಡರಾಗದವರನ್ನೂ, ದೇವರೇ, ನಿನ್ನ ಕೈಗೆ ಒಪ್ಪಿಸಿದ್ದೇವೆ.” ಇದನ್ನು ಒಂದೇ ಉಸಿರಿನಲ್ಲಿ ಹೇಳಬೇಕೆಂದು ಯಾರೂ ವಿಧಿಸಿರಲಿಲ್ಲ. ಕಂಡಕ್ಟರು ಹಾಗೆ ಹೇಳುತ್ತ ಬಂದಿದ್ದರಿಂದ ಅದಕ್ಕೆ ಒಂದೇ ಉಸಿರಿನ ಸಾಲು ಎಂದು ಹೆಸರು ಬಿದ್ದಿತ್ತು.

ಮಕ್ಕಳಿಗೆ ಹನ್ನೆರಡು ತುಂಬಿದ ದಿನ ಅವರು ಮೊದಲ ಸಲ ಮುಂದೆ ನಿಲ್ಲುತ್ತಾರೆ. ಆವತ್ತು ಹಿರಿಯರು ಬೇಕೆಂದೇ ಎಲ್ಲೋ ಒಂದು ಕಡೆ ತಪ್ಪು ಹೇಳುತ್ತಾರೆ. ಎಲ್ಲಿ ಎಂದು ಮೊದಲೇ ಯಾರಿಗೂ ಹೇಳುವುದಿಲ್ಲ. ಮುಂದೆ ನಿಂತ ಮಗು ಅದನ್ನು ಹಿಡಿದು, ಹಿರಿಯರ ಮುಖ ನೋಡಿ “ತಪ್ಪು, ಮತ್ತೆ ಹೇಳಿ” ಎನ್ನಬೇಕು. ದೇವರ ಮುಂದೆ ದೊಡ್ಡವರು ಚಿಕ್ಕವರು ಎಂದಿಲ್ಲ ಎನ್ನುವುದನ್ನು ಆ ಮನೆಯವರು ಬಾಯಿಮಾತಿನಲ್ಲಿ ಕಲಿಸುತ್ತಿರಲಿಲ್ಲ, ಹೀಗೆ ಕಲಿಸುತ್ತಿದ್ದರು. ತಪ್ಪು ಸರಿಯಾಗುವ ತನಕ ಮಗು “ಮುಗಿಯಿತು” ಎನ್ನುವಂತಿಲ್ಲ, ಅದು ಹೇಳುವ ತನಕ ದೀಪ ಆರುವಂತಿಲ್ಲ. ಮಗು ತಪ್ಪನ್ನು ಹಿಡಿಯದೆ ಹೋದರೆ ಇನ್ನೊಂದು ವರ್ಷ ಕಾಯಬೇಕು. ಮೇಷ್ಟ್ರು ಹುಡುಗನಾಗಿದ್ದಾಗ, ಅಪ್ಪ ಉದ್ದದ ಸಾಲಿನಲ್ಲಿ ‘ನಮ್ಮನ್ನು ಕಂಡರಾಗದವರನ್ನೂ’ ನುಂಗಿಹಾಕಿದ್ದು ಗೊತ್ತಾಗದೆ, ಹೆಮ್ಮೆಯಿಂದ “ಮುಗಿಯಿತು” ಎಂದುಬಿಟ್ಟು ಒಂದು ವರ್ಷ ಕಾದಿದ್ದರು. ತಲೆ ನರೆತರೂ ಮನೆಯವರು ಅದನ್ನು ಹೇಳಿ ಅವರ ಕಾಲೆಳೆಯುವುದನ್ನು ಬಿಟ್ಟಿರಲಿಲ್ಲ.

ಸೊಸೆಯಾಗಿ ಬಂದ ವಾರದಲ್ಲೇ ಬ್ರೆಡ್ಡಕ್ಕನನ್ನೂ ಮಾವ ಮುಂದೆ ನಿಲ್ಲಿಸಿದ್ದರು. ಅವರು ಬೇಕೆಂದೇ ತಪ್ಪಿದಾಗ ಅವಳು ನೊಣ ಗುಂಯ್‌ಗುಟ್ಟಿದಷ್ಟು ದನಿಯಲ್ಲಿ “ತಪ್ಪು, ಮಾವ” ಎಂದಿದ್ದಳು. “ಕೇಳಿಸ್ಲಿಲ್ಲ, ಹಿಂದಿನ ಸೀಟಿಗೂ ಕೇಳ್ಬೇಕು!” ಎಂದು ಅವರು ಗುಡುಗಿದ್ದರು. ಅವಳು ಕೂಗಿದ್ದಳು. ಆ ಕೂಗಿನೊಂದಿಗೆ ಅದು ಅವಳ ಮನೆಯಾಗಿತ್ತು.

ಸಾಸಿವೆಗೆ ಹನ್ನೆರಡು ತುಂಬುವುದಕ್ಕೆ ಕೆಲವೇ ದಿನ ಇರುವಾಗ ಕಂಡಕ್ಟರಿಗೆ ಜ್ವರ ಬಂತು, ಜ್ವರದ ಹಿಂದೆ ಕೆಮ್ಮು ಬಂತು, ಕೆಮ್ಮಿನ ಹಿಂದೆ ಆಂಬ್ಯುಲೆನ್ಸ್ ಬಂತು. ಎಲ್ಲಿಂದ ಅಂಟಿತೋ ದೇವರಿಗೇ ಗೊತ್ತು. ತಾನೇ ಬೇಕರಿಯಿಂದ ತಂದೆನೇನೋ ಎಂದು ಬ್ರೆಡ್ಡಕ್ಕ ಒಳಗೊಳಗೇ ಬೇಯುತ್ತಿದ್ದಳು. ಗೇಟಿನ ಹತ್ತಿರ ಅವರು ತಿರುಗಿ, ಸೀಲಿಂಗ್ ಫ್ಯಾನು ಆರಿಸಿ ಎಂದು ಕೈಸನ್ನೆ ಮಾಡಿ ಹೋಗಿದ್ದರು. ಮನೆಯವರಿಗೆಲ್ಲ ಪರೀಕ್ಷೆ ಮಾಡಿಸಿ, ಬಾಗಿಲು ಹಾಕಿಕೊಂಡು ಕೂತು, ಯಾರಿಗೂ ಏನೂ ಇಲ್ಲ ಎಂದಾದ ಮೇಲಷ್ಟೇ ಅವಳು ಮತ್ತೆ ಕೆಲಸಕ್ಕೆ ಹೋದದ್ದು.

ಮೇಷ್ಟ್ರ ಫೋನು ಬಂದದ್ದು ಆಗ.

“ನೋಡಮ್ಮ, ಮಗು ಮುಂದೆ ನಿಲ್ಲೋದನ್ನ ಬರೋ ವರ್ಷಕ್ಕೆ ಹಾಕೋಣ. ಅಪ್ಪ ಆಸ್ಪತ್ರೆಲಿ, ತಮ್ಮ ಎಲ್ಲೋ ರಸ್ತೆಲಿ. ಇದು ಸಂಭ್ರಮ ಪಡೋ ಕಾಲ ಅಲ್ಲ.”

“ಸಂಭ್ರಮ ಯಾರು ಪಡ್ತಿದಾರೆ ಭಾವ? ಪ್ರಾರ್ಥನೆ ಮಾಡ್ತೀವಿ. ದಿನಾ ಮಾಡೋದೇ ತಾನೆ.”

“ಫೋನಲ್ಲಿ ಮಾಡಿದ್ದು ಲೆಕ್ಕಕ್ಕೆ ಬರತ್ತಾ?”

“ಫೋನಲ್ಲಿ ಮಾಡಿದ ಪಾಠ ಲೆಕ್ಕಕ್ಕೆ ಬರೋದಾದ್ರೆ ಇದೂ ಬರತ್ತೆ.”

ಭಾವನ ಮಾತಿಗೆ ಎದುರಾಡಿದವಳಲ್ಲ ಬ್ರೆಡ್ಡಕ್ಕ. ಆದರೆ ಬಾಯಿಗೆ ಬಂದಿದ್ದನ್ನು ನುಂಗಿಕೊಳ್ಳುವ ಮನಸ್ಸಾಗಲಿಲ್ಲ. ಈ ರೋಗ ಊರಿನ ಬೀದಿ ತಿಂದಿತ್ತು, ಶಾಲೆ ತಿಂದಿತ್ತು, ಮಾವನ ಉಸಿರಿಗೆ ಬಾಯಿ ಹಾಕಿತ್ತು. ಮಗಳ ಒಂದು ದಿನವನ್ನೂ ತಟ್ಟೆಯಲ್ಲಿಟ್ಟು ಅದರ ಮುಂದೆ ಹಿಡಿಯಲು ಅವಳು ತಯಾರಿರಲಿಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ಕಂಡಕ್ಟರೇ. ವಾರ್ಡಿನ ನರ್ಸಮ್ಮ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅವರ ಮುಖದ ಮುಂದೆ ಹಿಡಿದಿದ್ದಳು. ಮೂಗಿಗೆ ನಳಿಗೆ, ಕೆನ್ನೆಗಳು ಒಳಗೆ ಹೋಗಿವೆ, ಕಣ್ಣು ಮಾತ್ರ ಹಾಗೇ ಇವೆ. ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಹೋಲ್ಡಾನ್ ಅಂತ ಬಸ್ಸು ನಿಲ್ಸೋಕೆ... ಅವನ್ಯಾರು?” ಎಂದರು. ಉಸಿರು ಎಳೆದುಕೊಂಡು, “ಬಸ್ಸು ಹೊತ್ತಿಗೆ ಸರಿಯಾಗಿ ಹೊರಡತ್ತೆ” ಎಂದರು.

ಆ ದಿನ ಬ್ರೆಡ್ಡಕ್ಕ ಬೇಕರಿಯಲ್ಲಿ ಸಿಹಿ ಹಾಕಿದ ಒಂದೇ ಮುದ್ದೆ ಹಿಟ್ಟನ್ನು ಕಲಸಿ, ಅದರಿಂದ ಚಿಕ್ಕ ಚಿಕ್ಕ ಬ್ರೆಡ್ ಮಾಡಿದಳು. ಎಲ್ಲರೂ ಒಂದೇ ಹಿಟ್ಟಿನದನ್ನು ತಿನ್ನಬೇಕು ಎನ್ನುವುದು ಅವಳ ಹಟ. ಒಂದು, ಬೇಕರಿ ವ್ಯಾನಿನಲ್ಲಿ ಹೋಗಿ ಮೇಷ್ಟ್ರ ಗೇಟಿಗೆ ನೇತುಬಿತ್ತು. ಒಂದು ಆಸ್ಪತ್ರೆಯ ಬಾಗಿಲಿಗೆ, ನರ್ಸಮ್ಮನ ಹೆಸರಿಗೆ. ಲಾರಿಯವನ ಪಾಲನ್ನು ಗೂಡಿನ ಕೆಳಗೆ ತಟ್ಟೆಯಲ್ಲಿಟ್ಟರು. “ಮುಟ್ಟಿದ್ರೆ ನೋಡಿ, ನಾನು ಇಲ್ಲಿಂದಾನೇ ಎಣಿಸ್ತಿದೀನಿ” ಎಂದು ಅವನು ಫೋನಿನಿಂದ ಹೆದರಿಸಿದ.

ಬ್ರೆಡ್ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಫೋನು ನಿಲ್ಲಿಸಿದರು. ಒಂದು ಚೌಕದಲ್ಲಿ ಇಸ್ತ್ರಿ ಅಂಗಿಯ ಮೇಷ್ಟ್ರು, ಇನ್ನೊಂದರಲ್ಲಿ ಸ್ಟೇರಿಂಗಿಗೆ ಒರಗಿದ ಲಾರಿಯವನು, ಮತ್ತೊಂದರಲ್ಲಿ ದಿಂಬಿಗೆ ಒರಗಿದ ಕಂಡಕ್ಟರು. ಅಜ್ಜಿ ದೀಪ ಹಚ್ಚಿದರು. ಸಾಸಿವೆ ಹೊಸ ಬಟ್ಟೆ ತೊಟ್ಟು, ಎರಡು ಜಡೆ ಬಿಗಿದುಕೊಂಡು, ಯುದ್ಧಕ್ಕೆ ಹೊರಟವಳ ಹಾಗೆ ಮುಂದೆ ನಿಂತಳು.

ಮೊದಲ ಸಾಲಿಗೇ ಗೊಂದಲವಾಯಿತು. ಮೇಷ್ಟ್ರ ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತಿತ್ತು. ಲಾರಿಯವನ ಮಾತು ಎರಡನೆಯ ಸಾಲಿನ ಮೇಲೆ ಬಂದು ಬೀಳುತ್ತಿತ್ತು. ನಡುವೆ ಯಾರದೋ ಲಾರಿ ಹಾರನ್ ಹೊಡೆಯಿತು. ಇದರಲ್ಲಿ ಬೇಕೆಂದೇ ಮಾಡಿದ ತಪ್ಪು ಯಾವುದು, ಸಿಗ್ನಲ್ ಮಾಡಿದ ತಪ್ಪು ಯಾವುದು ಎಂದು ದೇವರಿಗೂ ಗೊತ್ತಾಗುವಂತಿರಲಿಲ್ಲ.

“ನಿಲ್ಸಿ!” ಎಂದಳು ಸಾಸಿವೆ. “ಸಂತೆ ಮಾಡ್ಬೇಡಿ. ಒಬ್ಬೊಬ್ಬರಾಗಿ ಹೇಳಿ. ಮೊದಲು ದೊಡ್ಡಪ್ಪ, ಆಮೇಲೆ ಅಪ್ಪ, ಆಮೇಲೆ ಇಲ್ಲಿರೋರು.”

ಜೀವಮಾನವೆಲ್ಲ ಮಕ್ಕಳನ್ನು ಸಾಲು ನಿಲ್ಲಿಸಿದ ಮೇಷ್ಟ್ರು ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ನಿಂತರು. ಪ್ರಾರ್ಥನೆ ನಿಧಾನಕ್ಕೆ, ಆದರೆ ಸರಾಗವಾಗಿ ಸಾಗಿ ಕೊನೆಯ ಸಾಲಿಗೆ ಬಂತು. ಕಂಡಕ್ಟರು ದಿಂಬಿನಿಂದ ತಲೆ ಎತ್ತಿದರು.

“ಮನೆಯಲ್ಲಿರುವವರನ್ನು... ಹೊರಗೆ ಹೋದವರನ್ನು... ದಾರಿಯಲ್ಲಿ...”

ಅಲ್ಲಿಗೆ ನಿಂತಿತು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಆಮೇಲೆ ಕೆಮ್ಮು ಬಂತು, ಫೋನು ಅಲುಗಾಡಿತು. ಬಸ್ಸಿನ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿದ್ದ ದನಿ ಮೂರು ಮಾತಿಗೆ ಬತ್ತಿಹೋಗುವುದನ್ನು ಬ್ರೆಡ್ಡಕ್ಕ ಈ ಮೊದಲು ಕೇಳಿರಲಿಲ್ಲ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು.

ಸಾಸಿವೆಯ ಮುಖ ಮಾತ್ರ ಅರಳಿತು. ಸೊಂಟಕ್ಕೆ ಕೈಯಿಟ್ಟುಕೊಂಡು, ಹಿಂದಿನ ಸೀಟಿಗೂ ಕೇಳುವ ಹಾಗೆ ಕೂಗಿದಳು.

“ತಪ್ಪು, ತಾತ! ಮತ್ತೆ ಹೇಳಿ!”

ಫೋನಿನಲ್ಲಿ ಮೇಷ್ಟ್ರು “ಏಯ್, ಅದು ಅಲ್ಲಮ್ಮ...” ಎಂದು ಶುರುಮಾಡಿದರು. ಕಂಡಕ್ಟರು ಕಣ್ಣು ಬಿಟ್ಟು ಮೊಮ್ಮಗಳನ್ನೇ ನೋಡಿದರು. ನರ್ಸಮ್ಮನಿಗೆ ಫೋನು ಹತ್ತಿರ ತರಲು ಕೈಸನ್ನೆ ಮಾಡಿ, ಮತ್ತೆ ಮೊದಲಿಂದ ಶುರುಮಾಡಿದರು. “ಮನೆಯಲ್ಲಿರುವವರನ್ನು... ಹೊರಗೆ ಹೋದವರನ್ನು... ದಾರಿಯಲ್ಲಿರುವವರನ್ನು...” ಮತ್ತೆ ನಿಂತಿತು.

ಈ ಸಲ ಸಾಸಿವೆಯ ಮುಖ ಬಿಳಿಚಿಕೊಂಡಿದ್ದನ್ನು ಬ್ರೆಡ್ಡಕ್ಕ ಕಂಡಳು. ಒಂದು ಕ್ಷಣ, ಅಷ್ಟೇ.

“ಇನ್ನೂ ತಪ್ಪು, ತಾತ. ಪೂರ್ತಿ ಹೇಳ್ಬೇಕು.”

“ಸಾಕು, ಅವರಿಗೆ ಸುಸ್ತಾಗಿದೆ” ಎಂದಳು ನರ್ಸಮ್ಮ.

“ಹಾಗಾದ್ರೆ ನಾಳೆ ಇದೇ ಹೊತ್ತಿಗೆ ಒಪ್ಪಿಸಿ” ಎಂದಳು ಸಾಸಿವೆ. “ನಾನು ‘ಮುಗಿಯಿತು’ ಅನ್ನಲ್ಲ. ಅಜ್ಜೀ, ದೀಪ ಆರಿಸ್ಬೇಡಿ.”

ಚೌಕದೊಳಗೆ ಕಂಡಕ್ಟರು ಹೆಬ್ಬೆರಳು ಎತ್ತಿ ತೋರಿಸಿದ್ದು ಕಂಡಿತು, ಅಷ್ಟರಲ್ಲಿ ಫೋನು ನಿಂತಿತು.

ಆವತ್ತೂ ಊಟಕ್ಕೆ “ರೈಟ್” ಎನ್ನುವವರಿರಲಿಲ್ಲ. ಅಜ್ಜಿ ದೀಪಕ್ಕೆ ಎಣ್ಣೆ ಹಾಕಿ, ಬತ್ತಿಯ ಕುಡಿ ತಟ್ಟಿ, “ಮುಗೀದೇ ಇರೋ ಪ್ರಾರ್ಥನೆ ಈ ಮನೇಲಿ ಇದೇ ಮೊದ್ಲು” ಎಂದರು. ಬೈದರೋ ಮೆಚ್ಚಿದರೋ ತಿಳಿಯಲಿಲ್ಲ.

ಹಾಗೆ ಶುರುವಾಯಿತು. ಗೂಡಿನ ದೀಪ ಹಗಲೂ ಉರಿಯಿತು, ಇರುಳೂ ಉರಿಯಿತು. ಬ್ರೆಡ್ಡಕ್ಕ ಬೆಳಗಿನ ಜಾವ ಹೊರಡುವಾಗ ಎಣ್ಣೆ ಹಾಕುವಳು, ಆಮೇಲೆ ಅಜ್ಜಿ, ಸಂಜೆ ಸಾಸಿವೆ. ಬೇಕರಿ ದಣಿಗೆ ವಿಷಯ ತಿಳಿದು ಒಂದು ಡಬ್ಬಿ ಎಣ್ಣೆ ತಂದುಕೊಟ್ಟರು. “ದೇವರು ಗೀವರು ನಂಗೆ ಗೊತ್ತಿಲ್ಲ, ಆರಿಸ್ಬೇಡಿ ಅಷ್ಟೇ” ಎಂದರು. ಸಂಜೆಯಾದರೆ ನರ್ಸಮ್ಮನ ಫೋನು ಬರುವುದು, ಕಂಡಕ್ಟರು ಸಾಲು ಶುರುಮಾಡುವುದು, ಎಲ್ಲೋ ಮುಗ್ಗರಿಸುವುದು, ಸಾಸಿವೆ “ತಪ್ಪು, ನಾಳೆ ಬನ್ನಿ” ಎನ್ನುವುದು. ಒಂದು ದಿನ ‘ಹಾಸಿಗೆ ಹಿಡಿದವರನ್ನು’ ತನಕ ಬಂದು ಮನೆಯವರೆಲ್ಲ ಕುಣಿದಾಡಿದರು. ಮರುದಿನ ಒಂದೇ ಮಾತಿಗೆ ನಿಂತಿತು. ಅದರ ಮರುದಿನ ಫೋನೇ ಬರಲಿಲ್ಲ. ಆವತ್ತು ಸಾಸಿವೆ ತಾನೇ ಸಾಲನ್ನು ತಾತ ನಿಲ್ಲಿಸಿದ್ದ ಕಡೆಯವರೆಗೂ ಹೇಳಿ, ಅಲ್ಲಿಗೇ ಬಾಯಿ ಮುಚ್ಚಿದಳು. ಒಂದು ಮಾತು ಮುಂದೆ ಹೋಗಲಿಲ್ಲ.

ಬ್ರೆಡ್ಡಕ್ಕ ಬೇಕರಿಯಲ್ಲಿ ಡಬ್ಬಿಗಳಿಗೆ ಎಣ್ಣೆ ಸವರುತ್ತ ಆ ಸಾಲನ್ನೇ ಒಳಗೊಳಗೆ ಹೇಳಿಕೊಳ್ಳುತ್ತಿದ್ದಳು. ತಾನೂ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮುಂದಿನದನ್ನು ಹೇಳಿದರೆ ಮಾವನ ಪಾಲನ್ನು ತಾನು ತಿಂದಂತೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಆಮೇಲೆ ಡಾಕ್ಟರ ಫೋನು ಬಂತು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರು. ದೊಡ್ಡ ಮಾಸ್ಕು ಹಾಕಿದ್ದೇವೆ, ವಯಸ್ಸಾಗಿದೆ, ನಮ್ಮ ಕೈಲಾದದ್ದು ಮಾಡುತ್ತಿದ್ದೇವೆ, ನೀವೂ ಧೈರ್ಯ ತಂದುಕೊಳ್ಳಿ. ಧೈರ್ಯ ತಂದುಕೊಳ್ಳಿ ಎಂದರೆ ಏನು ಎಂದು ಯಾರಿಗೆ ಗೊತ್ತಿಲ್ಲ.

ಆ ಮಧ್ಯಾಹ್ನ ಮೇಷ್ಟ್ರು ಸ್ಕೂಟರಿನಲ್ಲಿ ಬಂದು ಗೇಟಿನ ಆಚೆ ನಿಂತರು. ಅಷ್ಟು ದಿನದ ಮೇಲೆ ಮೊದಲ ಸಲ ಅವರನ್ನು ಚೌಕದ ಹೊರಗೆ ನೋಡಿದ ಬ್ರೆಡ್ಡಕ್ಕನಿಗೆ, ಭಾವ ಇಷ್ಟು ಇಳಿದುಹೋಗಿದ್ದಾರೆಯೇ ಎನ್ನಿಸಿತು. ಅವರು ಒಳಗೆ ಬರಲಿಲ್ಲ. ಅಂಗಳದ ತುದಿಯಲ್ಲಿ ಅವಳು, ಬಾಗಿಲಲ್ಲಿ ಅಜ್ಜಿ, ಕಿಟಕಿಯಲ್ಲಿ ಸಾಸಿವೆ.

“ಇವತ್ತು ಮುಗಿಸಿಬಿಡ್ಲಿ ಮಗು” ಎಂದರು ಮೇಷ್ಟ್ರು. ಪಾಠದ ದನಿ ಎಲ್ಲೂ ಇರಲಿಲ್ಲ. “ಅಪ್ಪ ಜೀವಮಾನದಲ್ಲಿ ಒಂದು ಪ್ರಾರ್ಥನೆ ಅರ್ಧಕ್ಕೆ ಬಿಟ್ಟೋರಲ್ಲ. ಹೋಗೋವಾಗ ಅವರ ಹೆಸರಲ್ಲಿ ಒಂದು ಅರ್ಧ ಉಳೀಬಾರದು. ಉಳಿದ ಸಾಲು ನಾನು ಹೇಳ್ತೀನಿ. ನಾನು ಹಿರೀಮಗ.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಂದೆಗಾಗಿ ಮಗ ಬೇಡಿಕೊಳ್ಳುತ್ತಿದ್ದ. ಇವತ್ತೇ ಏನಾದರೂ ಆಗಿ, ದೀಪ ಹೀಗೇ ಉರಿಯುತ್ತ ಉಳಿದರೆ, ಆ ದೀಪದ ಮುಂದೆ ಮಗಳು ಯಾವ ಮುಖ ಇಟ್ಟುಕೊಂಡು ನಿಲ್ಲಬೇಕು? ಇಷ್ಟು ಎಳೆಯ ಮಗುವಿನ ಹಟಕ್ಕೆ ಮನೆಯವರೆಲ್ಲ ತಾಳ ಹಾಕಿದ್ದು ತಪ್ಪಾಯಿತೇ? ಅವಳು ತಿರುಗಿ ಕಿಟಕಿಯತ್ತ ನೋಡಿದಳು.

“ಸಾಸಿವೇ, ಒಂದು ಮಾತು ಕೇಳ್ತೀನಿ. ಆವತ್ತು ತಾತ ಬೇಕೂಂತ ತಪ್ಪು ಹೇಳಿದ್ರು ಅಂದ್ಕೊಂಡ್ಯಾ?”

“ಮೊದಲನೇ ಸಲ ಹಾಗೇ ಅಂದ್ಕೊಂಡೆ” ಎಂದಳು ಸಾಸಿವೆ. ಕಿಟಕಿಯ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. “ಎರಡನೇ ಸಲ ಗೊತ್ತಾಯ್ತು, ಉಸಿರು ಸಾಲ್ತಿಲ್ಲ ಅಂತ.”

“ಮತ್ತೆ ಯಾಕೆ ತಪ್ಪು ಅಂದೆ?”

“ಸರಿ ಅಂದಿದ್ರೆ ತಾತ ಅಲ್ಲಿಗೇ ಬಿಟ್ಟುಬಿಡ್ತಿದ್ರು. ಇನ್ನೂ ಬಾಕಿ ಇದೆ ಅಂದ್ರೆ ನಾಳೆ ಏಳ್ಲೇಬೇಕಲ್ಲಮ್ಮ.” ಕಣ್ಣು ಕಿಡಿಕಿಡಿಯಾಗಿತ್ತು. “ಅವರ ಸಾಲು ಅವರೇ ಹೇಳ್ಬೇಕು. ದೊಡ್ಡಪ್ಪ ಹೇಳಿದ್ರೆ ಅದೂ ತಪ್ಪು ಅಂತೀನಿ.”

ಬ್ರೆಡ್ಡಕ್ಕನ ಕಣ್ಣು ತುಂಬಿ ಬಂತು. ಮಗಳು ಅಷ್ಟು ದಿನ ಒಬ್ಬಳೇ ಇದನ್ನು ಹೊತ್ತುಕೊಂಡು, ಸಂಜೆ ಸಂಜೆಯೂ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಇಂಥ ಮಗಳನ್ನು ಒಂಟಿ ಮಾಡುವಷ್ಟು ಹೇಡಿಯಲ್ಲ ತಾನು ಎಂದುಕೊಂಡಳು. ಗೇಟಿನ ಕಡೆ ತಿರುಗಿದಾಗ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

“ಮುಗಿಸಲ್ಲ ಭಾವ.”

“ಏನಾದ್ರೂ ಆದ್ರೆ?”

“ಆದ್ರೂ ಮುಗಿಸಲ್ಲ. ಆ ಕಾಯಿಲೆ ಬಂದು ನಮ್ಮನೆ ಪ್ರಾರ್ಥನೆಗೆ ಮುಕ್ತಾಯ ಹೇಳೋದು ಬೇಡ. ಮುಂದೆ ನಿಂತಿರೋಳು ಅವಳು. ‘ಮುಗಿಯಿತು’ ಅನ್ನೋದು ಅವಳ ಬಾಯಲ್ಲಿ ಬರ್ಬೇಕು, ಮಾವನ ಸಾಲು ಮಾವನ ಬಾಯಲ್ಲಿ ಬರ್ಬೇಕು. ಈ ಪದ್ಧತಿ ನಂಗೆ ಕಲಿಸಿದ್ದು ನಿಮ್ಮನೆಯವರೇ. ದೇವರು ಕಾಯ್ತಾನೆ. ನಮಗೇನು ಕಾಯೋಕೆ ಕಷ್ಟ?”

ಮೇಷ್ಟ್ರು ಗೇಟಿನ ಚಿಲಕವನ್ನು ಹಿಡಿದು ತಲೆ ತಗ್ಗಿಸಿ ನಿಂತರು. ಬಾಗಿಲಲ್ಲಿದ್ದ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಲೋ, ಅಲ್ಲಿ ನಿಂತ್ಕೊಂಡು ಅಳ್ಬೇಡ. ಅಂಗಡಿ ಮುಚ್ಚೋದ್ರೊಳಗೆ ಒಂದು ಡಬ್ಬಿ ಎಣ್ಣೆ ತಂದು ಗೇಟಿಗಿಡು” ಎಂದರು. ನರೆತ ತಲೆಯ ಮೇಷ್ಟ್ರು ಸ್ಕೂಟರ್ ತಿರುಗಿಸಿ ಎಣ್ಣೆ ತರಲು ಹೋದರು.

ಆ ಸಂಜೆ ಬ್ರೆಡ್ಡಕ್ಕ ನರ್ಸಮ್ಮನಿಗೆ ಫೋನು ಮಾಡಿ ಒಂದೇ ಒಂದು ಮಾತು ಬೇಡಿಕೊಂಡಳು. ಅವರು ಮಾತಾಡದಿದ್ದರೂ ಪರವಾಗಿಲ್ಲ, ಫೋನನ್ನು ಕಿವಿಯ ಹತ್ತಿರ ಇಡಿ. ನರ್ಸಮ್ಮ ಇಟ್ಟಳು. ಆಚೆಯಿಂದ ಯಂತ್ರದ ಸುಯ್ಲು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

“ತಾತಾ, ನಾನು. ಇನ್ನೂ ಬಾಕಿ ಇದೆ” ಎಂದಳು ಸಾಸಿವೆ. “ಇವತ್ತು ರಜಾ ಕೊಟ್ಟಿದೀನಿ. ನಾಳೆ ಬರ್ಬೇಕು.”

ನಾಳೆಯೂ ರಜೆ ಕೊಟ್ಟಳು. ಅದರ ನಾಳೆಯೂ. ಲಾರಿಯವನು ಕ್ಯಾಬಿನ್ನಿನಿಂದ, ಮೇಷ್ಟ್ರು ತಮ್ಮ ಮನೆಯಿಂದ, ಆ ಯಂತ್ರದ ಸುಯ್ಲನ್ನು ಕೇಳುತ್ತ ಸಂಜೆ ಸಂಜೆ ಸುಮ್ಮನೆ ನಿಲ್ಲುತ್ತಿದ್ದರು. ಯಾರೂ ಮುಂದಕ್ಕೆ ಹಾಕೋಣ ಎನ್ನಲಿಲ್ಲ. ಗೂಡಿನ ಕೆಳಗೆ ಲಾರಿಯವನ ಪಾಲಿನ ಬ್ರೆಡ್ ಕಲ್ಲಾಗಿತ್ತು, ಅದನ್ನೂ ಯಾರೂ ತೆಗೆಯಲಿಲ್ಲ.

ಒಂದು ಸಂಜೆ ನರ್ಸಮ್ಮ ಫೋನು ಎತ್ತಿದಾಗ ಸುಯ್ಲು ಕೇಳಿಸಲಿಲ್ಲ. ಬ್ರೆಡ್ಡಕ್ಕ ಗೂಡಿನ ದೀಪದತ್ತ ತಿರುಗಿದಳು. ಅಷ್ಟರಲ್ಲಿ ಚೌಕದಲ್ಲಿ ಮುಖ ಮೂಡಿತು. ದೊಡ್ಡ ಮಾಸ್ಕಿಲ್ಲ, ಮೂಗಿಗೆ ಬರೀ ನಳಿಗೆ. ಗಡ್ಡ ಬೆಳೆದು, ಕತ್ತು ಕಡ್ಡಿಯಾಗಿ, ದಿಂಬುಗಳ ನಡುವೆ ಕೂತಿದ್ದರು ಕಂಡಕ್ಟರು. “ಬೆಳಿಗ್ಗೆಯಿಂದ ಇದೇ ಗೋಳು, ಸಂಜೆ ಒಪ್ಪಿಸ್ಬೇಕಂತೆ” ಎಂದಳು ನರ್ಸಮ್ಮ.

ಸಾಸಿವೆ ಓಡಿಹೋಗಿ ಜಡೆ ಬಿಗಿದುಕೊಂಡು ಬಂದು ನಿಂತಳು. “ಹೇಳಿ ತಾತ.”

“ಮನೆಯಲ್ಲಿರುವವರನ್ನು” ಎಂದರು ಕಂಡಕ್ಟರು. ಉಸಿರು ತೆಗೆದುಕೊಂಡರು. “ಹೊರಗೆ ಹೋದವರನ್ನು.” ಮತ್ತೆ ಉಸಿರು. “ದಾರಿಯಲ್ಲಿರುವವರನ್ನು.” ದನಿ ಪಿಸುಮಾತಿಗಿಂತ ಒಂದು ಮೆಟ್ಟಿಲಷ್ಟೇ ಮೇಲಿತ್ತು. ಒಂದೊಂದು ಮಾತಿಗೂ ನಿಂತು, ಕಣ್ಣು ಮುಚ್ಚಿ, ಎದೆ ತುಂಬಿಕೊಂಡು, ಮುಂದಿನದಕ್ಕೆ ಕೈ ಹಾಕುತ್ತಿದ್ದರು. “ಹಾಸಿಗೆ ಹಿಡಿದವರನ್ನು” ಎಂದಾಗ ಅಜ್ಜಿ ಬಿಕ್ಕಿದರು. “ಹೆಸರೇ ಗೊತ್ತಿಲ್ಲದವರನ್ನು” ಎನ್ನುವಾಗ ನರ್ಸಮ್ಮ ಫೋನನ್ನು ಇನ್ನಷ್ಟು ಹತ್ತಿರ ತಂದಳು. ಲಾರಿಯವನು ಸ್ಟೇರಿಂಗಿಗೆ ಹಣೆ ಒತ್ತಿಕೊಂಡಿದ್ದ. ಬ್ರೆಡ್ಡಕ್ಕ ಕೆನ್ನೆ ಒರೆಸಿಕೊಳ್ಳುವುದನ್ನೂ ಮರೆತಿದ್ದಳು.

“ದೇವರೇ... ನಿನ್ನ ಕೈಗೆ... ಒಪ್ಪಿಸಿದ್ದೇವೆ.”

ಮನೆಯಲ್ಲಿ, ಫೋನಿನಲ್ಲಿ, ವಾರ್ಡಿನಲ್ಲಿ ಒಮ್ಮೆಗೇ ಅಳು ನಗು ಎರಡೂ ಎದ್ದವು. ನರ್ಸಮ್ಮ ಪಕ್ಕದ ಹಾಸಿಗೆಯವರಿಗೆ ಕೂಗಿ ಹೇಳುತ್ತಿದ್ದಳು. ಲಾರಿಯವನು ಹಾರನ್ ಒತ್ತಿದ, ಅಕ್ಕಪಕ್ಕದ ಲಾರಿಗಳೂ ಏನೆಂದು ತಿಳಿಯದೆ ಒತ್ತಿದವು. ಮೇಷ್ಟ್ರು ಕನ್ನಡಕ ತೆಗೆದು, “ಸರಿಯಾಗಿದೆ! ಪೂರ್ತಿ ಸರಿಯಾಗಿದೆ! ಹೇಳಮ್ಮ, ‘ಮುಗಿಯಿತು’ ಅನ್ನು!” ಎಂದು ಮೂಗು ಸೀಟುತ್ತ ಕೂಗಿದರು. ಅಜ್ಜಿ ಎಣ್ಣೆಯ ಡಬ್ಬಿ ಪಕ್ಕಕ್ಕಿಟ್ಟು ದೀಪದತ್ತ ಕೈ ಚಾಚಿದರು.

ಸಾಸಿವೆ ಮಾತ್ರ ಅಲುಗಾಡಲಿಲ್ಲ. ತಾತನ ಮುಖವನ್ನೇ ನೋಡುತ್ತಿದ್ದಳು. ಕಂಡಕ್ಟರು ಏನೂ ಅರಿಯದವರ ಹಾಗೆ ಚಾವಣಿ ನೋಡುತ್ತಿದ್ದರು. ತುಟಿಯ ಒಂದು ಕೊನೆ ಮಾತ್ರ ಹಿಡಿತಕ್ಕೆ ಸಿಗದೆ ಮೇಲೇರುತ್ತಿತ್ತು.

ಬ್ರೆಡ್ಡಕ್ಕನಿಗೆ ಆಗ ಹೊಳೆಯಿತು. ಮನಸ್ಸಿನಲ್ಲೇ ಸಾಲನ್ನು ಮತ್ತೆ ಹೇಳಿಕೊಂಡಳು. ಹೆಸರೇ ಗೊತ್ತಿಲ್ಲದವರನ್ನು, ಆಮೇಲೆ ನೇರವಾಗಿ ದೇವರೇ. ಒಂದೊಂದು ಮಾತಿಗೂ ಉಸಿರನ್ನು ಬೇಡಿ ತರುತ್ತಿದ್ದ ಮನುಷ್ಯ, ಆ ಹಾಸಿಗೆಯಲ್ಲಿ ಅಷ್ಟು ದಿನವೂ, ಮೊಮ್ಮಗಳಿಗೆಂದು ಇಟ್ಟುಕೊಂಡಿದ್ದ ತಪ್ಪನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು. ಮೇಷ್ಟ್ರು ಅದೇ ಗುಂಡಿಗೆ ಎರಡನೆಯ ಸಲ ಬಿದ್ದಿದ್ದರು. ಅವಳಿಗೆ ನಗು ಉಕ್ಕಿ ಬಂತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು, ಏಕೆಂದರೆ ಹೇಳಬೇಕಾದವಳು ಅವಳಲ್ಲ.

ಸಾಸಿವೆ ಸೊಂಟಕ್ಕೆ ಕೈಯಿಟ್ಟಳು.

“ತಪ್ಪು, ತಾತ” ಎಂದಳು. ಗದ್ದಲವೆಲ್ಲ ಒಮ್ಮೆಗೇ ನಿಂತಿತು. “ನಮ್ಮನ್ನು ಕಂಡರಾಗದವರನ್ನ ಬಿಟ್ಬಿಟ್ರಿ. ಮತ್ತೆ ಹೇಳಿ. ಮೊದಲಿಂದ.”

ಕಂಡಕ್ಟರು ನಕ್ಕರು. ನಗುವಿನ ಜೊತೆ ಕೆಮ್ಮು ಬಂತು, ಕೆಮ್ಮು ನಿಲ್ಲುವ ತನಕ ಎಲ್ಲರೂ ಕಾದರು. ಅವರು ದಿಂಬು ಸರಿಮಾಡಿಕೊಂಡು, ನಳಿಗೆ ಒತ್ತಿಕೊಂಡು, ಎದೆ ತುಂಬಿಕೊಂಡು ಮೊದಲಿಂದ ಶುರುಮಾಡಿದರು. ಇತ್ತ ಅಜ್ಜಿ ಚಾಚಿದ ಕೈ ಹಿಂದೆ ತೆಗೆದು, ಡಬ್ಬಿ ಎತ್ತಿಕೊಂಡು, ದೀಪಕ್ಕೆ ಮತ್ತೆ ಎಣ್ಣೆ ಹಾಕಿದರು.